ಹುನಗುಂದ ಭಾಗದ ಕೃಷಿ ಹೊಂಡಗಳಲ್ಲಿ ಸಾಮಾನ್ಯ ಗೆಂಡೆ ಹಾಗೂ ಕೋಯಿ ಮೀನುಗಳಿಗೆ ಆಹಾರದ ಆಯ್ಕೆ

ಕೃಷಿ ಹೊಂಡದಲ್ಲಿ ಮೀನು ಸಾಕಲು ಬಿತ್ತನೆ ಮರಿ, ಸಹಾಯಧನ ಅಥವಾ ಸಾಲ ಸೌಲಭ್ಯ ಕೋರಿ ಅರ್ಜಿ ಸಲ್ಲಿಸುವ ರೈತ ಬಾಂಧವರು ಹಾಗೂ ಸಾರ್ವಜನಿಕರು, ಮೀನಿಗೆ ಏನನ್ನು, ಎಷ್ಟು ಮತ್ತು ಯಾವಾಗ ತಿನ್ನಿಸಬೇಕೆಂಬುದನ್ನು ಮುಂಚಿತವಾಗಿ ತಿಳಿದುಕೊಳ್ಳಲು ಅನುಕೂಲವಾಗಲೆಂದು ಈ ಮಾಹಿತಿಯನ್ನು ನೀಡಲಾಗಿದೆ. ಮೀನು ಸಾಕಾಣಿಕೆಯ ಆವರ್ತಕ ವೆಚ್ಚದಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಆಹಾರಕ್ಕೇ ಹೋಗುತ್ತದೆ. ಮೀನು ಜೀರ್ಣಿಸಿಕೊಳ್ಳಲಾಗದ ಆಹಾರವು ಹಣದ ನಷ್ಟವಷ್ಟೇ ಅಲ್ಲ, ಅದೇ ನೀರಿನಲ್ಲಿ ಕೊಳೆತು ಮೀನಿನ ಪ್ರಾಣಕ್ಕೂ ಎರವಾಗುತ್ತದೆ.

ಈ ಭಾಗಕ್ಕೆ ಪ್ರತ್ಯೇಕ ಮಾಹಿತಿ ಏಕೆ

ಹುನಗುಂದ, ಇಳಕಲ್, ಬಾದಾಮಿ ಮತ್ತು ಬಾಗಲಕೋಟೆ ತಾಲ್ಲೂಕುಗಳಲ್ಲಿ ಕಪ್ಪು ಎರೆಭೂಮಿ ಹೆಚ್ಚಾಗಿದ್ದು, ಮಳೆ ಕಡಿಮೆ ಮತ್ತು ಅನಿಶ್ಚಿತ. 2014-15ನೇ ಸಾಲಿನಲ್ಲಿ ಪ್ರಾರಂಭವಾದ ಕೃಷಿ ಭಾಗ್ಯ ಯೋಜನೆಯಡಿ ಒಣಬೇಸಾಯ ಪ್ರದೇಶಗಳಲ್ಲಿ ಅನೇಕ ಕೃಷಿ ಹೊಂಡಗಳು ನಿರ್ಮಾಣಗೊಂಡವು. ನೀರು ಇಂಗದಂತೆ ಇವುಗಳ ತಳಕ್ಕೂ ಬದಿಗಳಿಗೂ ಪಾಲಿಥೀನ್ ಹಾಳೆಯನ್ನು ಹೊದಿಸಲಾಗಿರುತ್ತದೆ. ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ ಹುನಗುಂದ ಭಾಗದ 24,000 ಹೆಕ್ಟೇರ್ ಪ್ರದೇಶಕ್ಕೆ ಹನಿ ನೀರಾವರಿ ಒದಗಿಸುವ ಉದ್ದೇಶದಿಂದ ರಾಮಥಾಳ ಏತ ನೀರಾವರಿ ಯೋಜನೆಯನ್ನು ಕೈಗೊಂಡಿರುವುದು ಈ ಭಾಗದ ಮತ್ತೊಂದು ವಿಶೇಷ. ಆದುದರಿಂದ ಇಲ್ಲಿಯ ರೈತನು ಹೊಂಡದ ನೀರನ್ನು ಹೊಲಕ್ಕೆ ಬಿಡುವಾಗ ಅದು ಬಹುತೇಕ ಹನಿ ಕೊಳವೆಯ ಮೂಲಕವೇ ಹೋಗುತ್ತದೆ.

ಮೀನಿನ ಆಹಾರಕ್ಕೆ ಸಂಬಂಧಿಸಿದ ಬಹುಪಾಲು ಕೈಪಿಡಿಗಳು ಮಣ್ಣಿನ ತಳವಿರುವ ಕೆರೆ ಕೊಳಗಳನ್ನು ಗಮನದಲ್ಲಿಟ್ಟು ಬರೆದವುಗಳಾಗಿವೆ. ಮಣ್ಣಿನ ತಳದಲ್ಲಿ ಹುಳು, ಲಾರ್ವಾ, ಸಣ್ಣ ಬಸವನಹುಳುಗಳು ಬೆಳೆಯುತ್ತವೆ. ಗೆಂಡೆಯು ಮೂತಿಯಿಂದ ಕೆಸರನ್ನು ಕೆದಕಿ ಅವುಗಳನ್ನು ಹೆಕ್ಕಿ ತಿನ್ನುತ್ತದೆ. ಉಳಿದ ಆಹಾರವನ್ನು ಮತ್ತು ಮಲವನ್ನು ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳು ಒಂದು ಮಟ್ಟದವರೆಗೆ ಕರಗಿಸುತ್ತವೆ. ಹಾಳೆ ಹೊದಿಸಿದ ಹೊಂಡದಲ್ಲಿ ಈ ಎರಡೂ ಅನುಕೂಲಗಳು ಅತ್ಯಲ್ಪ. ಮೀನು ಬಹುಮಟ್ಟಿಗೆ ನಾವು ಹಾಕಿದ್ದನ್ನೇ ನಂಬಿರುತ್ತದೆ, ಹಾಕಿದ್ದರಲ್ಲಿ ಮಿಕ್ಕಿದ್ದು ಜಾರಿ ತಳದ ನಡುವೆ ಶೇಖರವಾಗುತ್ತದೆ. ಕೆರೆಯ ಲೆಕ್ಕದಲ್ಲಿ ಹೊಂಡಕ್ಕೆ ಆಹಾರ ಹಾಕುವುದು ಈ ಭಾಗದಲ್ಲಿ ಮೀನುಗಳ ಸಾಮೂಹಿಕ ಸಾವಿಗೆ ಹಾದಿ ಮಾಡಿಕೊಡುವ ತಪ್ಪಾಗಿದೆ.

ಸಾಮಾನ್ಯ ಗೆಂಡೆ ಮತ್ತು ಕೋಯಿ

ಸಾಮಾನ್ಯ ಗೆಂಡೆಯು ನಮ್ಮ ನದಿಗಳ ಮೂಲ ಮೀನಲ್ಲ. ಇದರ ಒಂದು ತಳಿಯನ್ನು 1939ರಲ್ಲಿ ಸಿಲೋನಿನಿಂದ ನೀಲಗಿರಿಗೆ ತರಲಾಯಿತು. ಬಯಲು ಸೀಮೆಯ ಬಿಸಿ ನೀರಿಗೆ ಹೊಂದುವ ಬ್ಯಾಂಕಾಕ್ ತಳಿ 1957ರಲ್ಲಿ ಕಟಕ್‌ಗೆ ಬಂದಿತು. ಕಾಟ್ಲ, ರೋಹು ಮತ್ತು ಮೃಗಾಲ್‌ಗಳ ಜೊತೆಯಲ್ಲಿ ಇದನ್ನು ಮಿಶ್ರ ಮೀನು ಕೃಷಿಯಲ್ಲಿ ವ್ಯಾಪಕವಾಗಿ ಬಳಸಲಾಗುತ್ತಿದೆ. ಕೋಯಿ ಎಂದು ಕರೆಯಲಾಗುವ ಬಣ್ಣದ ಮೀನು ಬೇರೆ ಜಾತಿಯದೇನಲ್ಲ. ಜಪಾನಿನ ನೀಗಾತಾ ಪ್ರಾಂತ್ಯದ ಭತ್ತದ ರೈತರು ತಮ್ಮ ಹೊಂಡದ ಗೆಂಡೆಗಳಲ್ಲಿ ಬಣ್ಣ ಬಂದ ಮರಿಗಳನ್ನು ಆರಿಸಿ ಬೆಳೆಸುತ್ತ ಹತ್ತೊಂಬತ್ತನೆಯ ಶತಮಾನದಲ್ಲಿ ರೂಪಿಸಿದ ಅಲಂಕಾರಿಕ ತಳಿ ಅದು. ಮನೆಯಂಗಳದ ಸಿಮೆಂಟ್ ತೊಟ್ಟಿಯಲ್ಲಿ, ವಸತಿಗೃಹಗಳ ಕೊಳದಲ್ಲಿ ಇದನ್ನು ಸಾಕುವವರು ಈಗ ಈ ಭಾಗದಲ್ಲಿಯೂ ಇರುವುದರಿಂದ ಅವರಿಗೂ ಅನ್ವಯಿಸುವಂತೆ ಇಲ್ಲಿ ವಿವರಿಸಲಾಗಿದೆ. ಎರಡರ ಜೀರ್ಣಾಂಗವೂ ಒಂದೇ ಬಗೆಯದು.

ಗೆಂಡೆಯ ಜೀರ್ಣಕ್ರಿಯೆ

ಗೆಂಡೆಗೆ ಜಠರವಿಲ್ಲ. ಆಹಾರದ ಆಯ್ಕೆಯಲ್ಲಿ ಬರುವ ಬಹುತೇಕ ನಿಯಮಗಳು ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ. ದನಕರುಗಳಿಗಾಗಲಿ ನಮಗಾಗಲಿ ಇರುವಂತೆ ತಿಂದದ್ದನ್ನು ಕೂಡಿಟ್ಟು ಆಮ್ಲದಿಂದ ಮೆತ್ತಗೆ ಮಾಡುವ ಚೀಲ ಅದಕ್ಕಿಲ್ಲ. ಬಾಯಿಯಲ್ಲಿ ಹಲ್ಲುಗಳೂ ಇಲ್ಲ. ಗಂಟಲಿನೊಳಗೆ ಬೀಸುವ ಕಲ್ಲಿನಂತಹ ಹಲ್ಲುಗಳಿದ್ದು, ಕಾಳು ಮತ್ತು ಚಿಪ್ಪುಗಳನ್ನು ಅಲ್ಲಿ ಅರೆದು ನೇರವಾಗಿ ಕರುಳಿಗೆ ಬಿಡುತ್ತದೆ. ಕರುಳಿನ ಉದ್ದ ದೇಹದ ಸುಮಾರು ಎರಡು ಪಟ್ಟು ಮಾತ್ರ. ಸಸ್ಯಾಹಾರವನ್ನು ಹೆಚ್ಚಾಗಿ ಅವಲಂಬಿಸಿದ ರೋಹುವಿನ ಕರುಳು ಇದಕ್ಕಿಂತ ಹಲವು ಪಟ್ಟು ಉದ್ದವಾಗಿರುತ್ತದೆ.

ಕೂಡಿಡಲು ಸ್ಥಳವಿಲ್ಲದ ಕಾರಣ ಗೆಂಡೆಯು ದಿನವಿಡೀ ಸ್ವಲ್ಪ ಸ್ವಲ್ಪವಾಗಿ ತಿನ್ನುವ ಸ್ವಭಾವದ್ದು. ಒಮ್ಮೆಗೇ ಹೆಚ್ಚು ಸಿಕ್ಕಾಗ ಹಿಂದಿನದು ಪೂರ್ತಿ ಜೀರ್ಣವಾಗುವ ಮೊದಲೇ ಹೊಸದು ಅದನ್ನು ಮುಂದಕ್ಕೆ ತಳ್ಳುತ್ತದೆ, ಅರ್ಧ ಜೀರ್ಣವಾದ ಆಹಾರವೇ ಮಲವಾಗಿ ಹೊರಬರುತ್ತದೆ. ಮೀನು ಆಸೆಯಿಂದ ತಿನ್ನುತ್ತಿದೆ ಎಂಬುದು ಅದಕ್ಕೆ ಹಸಿವಿದೆ ಎಂಬುದಕ್ಕೆ ಸಾಕ್ಷಿಯಲ್ಲ. ದಡದ ಮೇಲೆ ಹೆಜ್ಜೆ ಸಪ್ಪಳವಾದೊಡನೆ ಬಾಯಿ ತೆರೆದು ಬರುವುದು ಸಾಕಿದ ಗೆಂಡೆಯ ರೂಢಿ. ಅದನ್ನು ಕಂಡು ಮರುಕದಿಂದ ಮತ್ತೊಂದು ಹಿಡಿ ಎಸೆಯುವವರೇ ಹೆಚ್ಚು.

ಆಮ್ಲವಿಲ್ಲದಿರುವುದರ ಎರಡನೆಯ ಪರಿಣಾಮ ರಂಜಕಕ್ಕೆ ಸಂಬಂಧಿಸಿದ್ದು. ಮೀನಿನ ಪುಡಿಯ ಎಲುಬಿನಲ್ಲಿರುವ ರಂಜಕವನ್ನು ಕರಗಿಸಲು ಆಮ್ಲ ಬೇಕು. ತೌಡು ಮತ್ತು ಕಾಳುಗಳಲ್ಲಿ ಫೈಟೇಟ್ ರೂಪದಲ್ಲಿರುವ ರಂಜಕವನ್ನು ಬಿಡಿಸಲು ಬೇಕಾದ ಕಿಣ್ವ ಗೆಂಡೆಯಲ್ಲಿ ಬಹಳ ಕಡಿಮೆ. ಹೀಗಾಗಿ ಆಹಾರದಲ್ಲಿ ಸಾಕಷ್ಟು ರಂಜಕವಿದ್ದರೂ ಮೀನಿಗೆ ಕೊರತೆ, ನೀರಿಗೆ ಅತಿರೇಕ ಎಂಬ ಸ್ಥಿತಿ ಉಂಟಾಗುತ್ತದೆ. ಗೆಂಡೆಯು ಮಾನೋಕ್ಯಾಲ್ಸಿಯಂ ಫಾಸ್ಫೇಟಿನಲ್ಲಿರುವ ರಂಜಕದ ಸುಮಾರು ಶೇ. 94ರಷ್ಟನ್ನು ಹೀರಿಕೊಳ್ಳುತ್ತದೆ, ಡೈಕ್ಯಾಲ್ಸಿಯಂ ಫಾಸ್ಫೇಟಿನಲ್ಲಿ ಶೇ. 46ರಷ್ಟನ್ನು, ಟ್ರೈಕ್ಯಾಲ್ಸಿಯಂ ಫಾಸ್ಫೇಟಿನಲ್ಲಿ ಕೇವಲ ಶೇ. 13ರಷ್ಟನ್ನು ಮಾತ್ರ. ಪಶು ಆಹಾರದ ಅಂಗಡಿಯಲ್ಲಿ ಸಿಗುವ ಖನಿಜ ಮಿಶ್ರಣಗಳನ್ನು ದನಗಳಿಗೆಂದು ತಯಾರಿಸಲಾಗಿರುತ್ತದೆ. ಅದನ್ನೇ ಹೊಂಡಕ್ಕೂ ಹಾಕುವವರು ಪೊಟ್ಟಣದ ಮೇಲೆ ಯಾವ ಫಾಸ್ಫೇಟ್ ಎಂದು ಬರೆದಿದೆ ಎಂಬುದನ್ನು ಓದುವುದು ಒಳಿತು. ಮೀನು ಹೀರದ ರಂಜಕವೇ ಹೊಂಡದ ನೀರನ್ನು ಹಸಿರು ಪಾಚಿಯಾಗಿ ಗಟ್ಟಿಗೊಳಿಸುತ್ತದೆ.

ಸಾರಜನಕದ ಲೆಕ್ಕ

ಆಹಾರದ ಪ್ರೋಟೀನಿನಲ್ಲಿ ಸುಮಾರು ಶೇ. 16ರಷ್ಟು ಸಾರಜನಕವಿರುತ್ತದೆ. ಇದರಲ್ಲಿ ಮೀನಿನ ಮೈಗೆ ಸೇರುವುದು ಸಾಮಾನ್ಯವಾಗಿ ಕಾಲುಭಾಗದಿಂದ ಮೂರನೇ ಒಂದು ಭಾಗ. ಉಳಿದದ್ದು ನೀರಿಗೆ ಬರುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಕಿವಿರುಗಳ ಮೂಲಕ ಅಮೋನಿಯವಾಗಿ ಹೊರಬೀಳುವುದರಿಂದ ಕಣ್ಣಿಗೆ ಕಾಣುವುದಿಲ್ಲ. ತಳದಲ್ಲಿ ಮಲ ಕಾಣುತ್ತಿಲ್ಲವಾದ್ದರಿಂದ ಹೊಂಡ ಶುದ್ಧವಾಗಿದೆ ಎಂದು ತಿಳಿಯುವಂತಿಲ್ಲ.

21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ ಹೊಂಡವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಬದಿಗಳ ಇಳಿಜಾರು 1:1 ಇದ್ದಲ್ಲಿ ತುಂಬಿದಾಗ ಇದರಲ್ಲಿ ಸುಮಾರು 9.8 ಲಕ್ಷ ಲೀಟರ್ ನೀರು ಹಿಡಿಯುತ್ತದೆ. ಬೆಳೆಗೆ ಹಾಯಿಸಿ, ಬಿಸಿಲಿಗೆ ಆವಿಯಾಗಿ ಮಾರ್ಚ್ ತಿಂಗಳಲ್ಲಿ ಒಂದು ಮೀಟರ್ ಮಾತ್ರ ಉಳಿದರೆ ನೀರಿನ ಪ್ರಮಾಣ ಸುಮಾರು 2.56 ಲಕ್ಷ ಲೀಟರಿಗೆ ಇಳಿಯುತ್ತದೆ. ಅಂದರೆ ಆಳ ಮೂರನೇ ಒಂದು ಭಾಗಕ್ಕಿಳಿದಾಗ ನೀರು ಕಾಲುಭಾಗಕ್ಕಿಳಿದಿರುತ್ತದೆ, ಇಳಿಜಾರಿನ ಹೊಂಡದ ಈ ಗುಣ ದಡದಲ್ಲಿ ನಿಂತವರಿಗೆ ತಿಳಿಯುವುದಿಲ್ಲ. ಆ ಸಮಯದಲ್ಲಿ ಹೊಂಡದಲ್ಲಿ 150 ಕಿಲೋ ಮೀನಿದ್ದು, ಶೇ. 28 ಪ್ರೋಟೀನಿನ ಆಹಾರವನ್ನು ದಿನಕ್ಕೆ 2.25 ಕಿಲೋದಂತೆ ಹಾಕಲಾಗುತ್ತಿದೆ ಎಂದಿಟ್ಟುಕೊಂಡರೆ, ನೀರಿಗೆ ದಿನವೂ ಸುಮಾರು 70 ಗ್ರಾಂ ಸಾರಜನಕ ಸೇರುತ್ತದೆ. ತುಂಬಿದ ಹೊಂಡದಲ್ಲಿ ಇದು ಲೀಟರಿಗೆ 0.07 ಮಿಲಿಗ್ರಾಂ. ಮಾರ್ಚ್ ತಿಂಗಳ ಹೊಂಡದಲ್ಲಿ 0.27 ಮಿಲಿಗ್ರಾಂ. ಪಾಚಿಯು ಇದರಲ್ಲಿ ಒಂದಷ್ಟನ್ನು ಹೀರಿಕೊಳ್ಳುತ್ತದೆಯಾದರೂ ಪಾಚಿ ಸತ್ತ ದಿನ ಎಲ್ಲವೂ ಮರಳಿ ನೀರಿಗೇ ಬರುತ್ತದೆ.

ಎರೆಭೂಮಿಯ ನೀರು ಸಾಮಾನ್ಯವಾಗಿ ಕ್ಷಾರೀಯವಾದುದು. ಅಮೋನಿಯದ ವಿಷಕಾರಿ ಅಂಶವು ನೀರಿನ ರಸಸಾರವನ್ನು, ಅಂದರೆ ಪಿಎಚ್ ಅನ್ನು, ಅವಲಂಬಿಸಿರುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯದಲ್ಲಿ ವಿಷಕಾರಿ ರೂಪದ್ದು ಶೇ. 1ಕ್ಕಿಂತ ಕಡಿಮೆ, ಪಿಎಚ್ 8ರಲ್ಲಿ ಸುಮಾರು ಶೇ. 5, ಪಿಎಚ್ 9ರಲ್ಲಿ ಸುಮಾರು ಶೇ. 36. ಪಾಚಿ ದಟ್ಟವಾದ ಹೊಂಡದಲ್ಲಿ ಮಧ್ಯಾಹ್ನದ ಬಿಸಿಲಿಗೆ ಪಿಎಚ್ 9ನ್ನು ಮೀರುವುದು ಅಪರೂಪವಲ್ಲ. ಮಲೆನಾಡು ಅಥವಾ ಕರಾವಳಿಯ ರೈತನು ಹಾಕಿದಷ್ಟೇ ಆಹಾರವನ್ನು ಹುನಗುಂದದ ರೈತನು ಹಾಕಿದರೂ ಇಲ್ಲಿ ಅಪಾಯ ಹೆಚ್ಚಾಗಲು ಇದೇ ಕಾರಣ. ಈ ಸಂದರ್ಭದಲ್ಲಿ ಒಂದು ವಿಷಯವನ್ನು ತಿಳಿಸುವುದು ಅವಶ್ಯ. ಮೀನು ಬಿಡುವ ಮೊದಲು ಸುಣ್ಣ ಹಾಕಬೇಕೆಂದು ಕೈಪಿಡಿಗಳಲ್ಲಿ ಬರೆದಿರುವುದು ಹುಳಿ ಮಣ್ಣಿನ ಪ್ರದೇಶಗಳಿಗೆ ಸರಿಯಾದ ಸಲಹೆ. ಎರೆಭೂಮಿಯಲ್ಲಿ ನೀರಿನ ಪಿಎಚ್ ಪರೀಕ್ಷಿಸದೆ ಸುಣ್ಣ ಹಾಕಬಾರದು.

ಸ್ಥಳೀಯ ಹಿಂಡಿ ಮತ್ತು ತೌಡು

ನಮ್ಮ ರಾಜ್ಯದಲ್ಲಿ ಶೇಂಗಾ ಹಿಂಡಿ ಮತ್ತು ಅಕ್ಕಿ ತೌಡನ್ನು ಸಮಪ್ರಮಾಣದಲ್ಲಿ ಬೆರೆಸಿ ಹಾಕುವುದು ಬಹುಕಾಲದ ಪದ್ಧತಿ. ಶೇಂಗಾ ಹಿಂಡಿಯಲ್ಲಿ ಸುಮಾರು ಶೇ. 42, ತೌಡಿನಲ್ಲಿ ಸುಮಾರು ಶೇ. 12 ಪ್ರೋಟೀನ್ ಎಂದು ಹಿಡಿದರೆ ಮಿಶ್ರಣದಲ್ಲಿ ಶೇ. 27ರಷ್ಟು ದೊರೆಯುತ್ತದೆ. ಬೆಳೆಯುವ ಗೆಂಡೆಗೆ ಶೇ. 25ರಿಂದ 30 ಸಾಕಾಗುವುದರಿಂದ ಅಂಕಿಯ ಮಟ್ಟಿಗೆ ಇದು ಸರಿಯಾಗಿಯೇ ಇದೆ. ಆದರೆ ಪುಡಿಯನ್ನು ಒಣಗಿದಂತೆಯೇ ನೀರಿನ ಮೇಲೆ ಎರಚುವ ಕ್ರಮದಲ್ಲಿ ಹೆಚ್ಚಿನ ಭಾಗ ಮೀನಿನ ಬಾಯಿಗೆ ಸೇರುವ ಮೊದಲೇ ಚದುರಿಹೋಗುತ್ತದೆ. ಕೆರೆಯಲ್ಲಿ ಅದು ಗೊಬ್ಬರವಾಗಿಯಾದರೂ ಉಪಯೋಗಕ್ಕೆ ಬರುತ್ತಿತ್ತು. ಹಾಳೆಯ ಹೊಂಡದಲ್ಲಿ ಅದು ಹೊರೆಯೇ ಸರಿ.

ಶೇಂಗಾ ಹಿಂಡಿಯನ್ನು ಕೊಳ್ಳುವಾಗ ಬೂಷ್ಟಿನ ಬಗ್ಗೆ ವಿಶೇಷ ಎಚ್ಚರ ವಹಿಸತಕ್ಕದ್ದು. ತೇವದಲ್ಲಿ ಇಟ್ಟ ಹಿಂಡಿಯಲ್ಲಿ ಬೆಳೆಯುವ ಶಿಲೀಂಧ್ರವು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸಿ ಮೀನಿನ ಯಕೃತ್ತನ್ನು ಹಾಳುಮಾಡುತ್ತದೆ. ಈ ವಿಷ ಕುದಿಸಿದರೂ ಹೋಗುವುದಿಲ್ಲ, ಬಿಸಿಲಿಗೆ ಹಾಕಿ ಬೂಷ್ಟನ್ನು ಉದುರಿಸಿದ ಮಾತ್ರಕ್ಕೂ ಹೋಗುವುದಿಲ್ಲ. ದನಕ್ಕೆ ಯೋಗ್ಯವಲ್ಲವೆಂದು ಬದಿಗಿಟ್ಟ ಹಿಂಡಿಯನ್ನು ಮೀನಿಗಾದರೂ ಆದೀತೆಂದು ಹೊಂಡಕ್ಕೆ ಸುರಿಯುವ ಪರಿಪಾಠವನ್ನು ಬಿಡಬೇಕು. ಅಕ್ಕಿ ತೌಡಿನಲ್ಲಿ ಎಣ್ಣೆಯ ಅಂಶವಿದ್ದು ಬೇಸಿಗೆಯಲ್ಲಿ ಕೆಲವೇ ವಾರಗಳಲ್ಲಿ ಕಮಟು ವಾಸನೆ ಬರುತ್ತದೆ, ಆದ್ದರಿಂದ ಹೆಚ್ಚು ದಾಸ್ತಾನು ಮಾಡಬಾರದು ಅಥವಾ ಎಣ್ಣೆ ತೆಗೆದ ತೌಡನ್ನು ಬಳಸಬೇಕು.

ಸೂರ್ಯಕಾಂತಿ ಹಿಂಡಿ ಈ ಭಾಗದಲ್ಲಿ ಸುಲಭವಾಗಿ ದೊರೆಯುತ್ತದೆ. ಸಿಪ್ಪೆ ಸಹಿತ ಅರೆದದ್ದಾದರೆ ಅದರಲ್ಲಿ ನಾರು ಹೆಚ್ಚು, ಗೆಂಡೆಯ ಗಿಡ್ಡ ಕರುಳಿನಲ್ಲಿ ನಾರು ಕರಗದೆ ಹಾಗೆಯೇ ಮಲವಾಗಿ ಬರುತ್ತದೆ. ಸಿಪ್ಪೆ ತೆಗೆದದ್ದು ಸಿಕ್ಕರೆ ಮಾತ್ರ ಶೇಂಗಾ ಹಿಂಡಿಯ ಒಂದು ಭಾಗಕ್ಕೆ ಬದಲಾಗಿ ಬಳಸಬಹುದು. ಕುಸುಬಿ ಹಿಂಡಿಗೂ ಇದೇ ಮಾತು ಅನ್ವಯಿಸುತ್ತದೆ. ಹತ್ತಿಕಾಳಿನ ಹಿಂಡಿಯಲ್ಲಿ ಗಾಸಿಪಾಲ್ ಎಂಬ ಹಾನಿಕಾರಕ ವಸ್ತು ಇರುವುದರಿಂದ ಅದನ್ನು ಮುಖ್ಯ ಆಹಾರವಾಗಿ ಬಳಸಬಾರದು. ಸೋಯಾ ಕಾಳನ್ನು ಹಸಿಯಾಗಿ ಹಾಕಿದರೆ ಅದರಲ್ಲಿರುವ ಪ್ರತಿಬಂಧಕ ವಸ್ತುಗಳು ಪ್ರೋಟೀನಿನ ಜೀರ್ಣಕ್ಕೇ ಅಡ್ಡಿಯಾಗುತ್ತವೆ. ಬೇಯಿಸಿದ ಅಥವಾ ಹುರಿದ ನಂತರವೇ ಉಪಯೋಗಿಸತಕ್ಕದ್ದು. ಜೋಳ, ಗೋವಿನಜೋಳ ಮತ್ತು ಗೋಧಿಯ ಪಿಷ್ಟವನ್ನು ಗೆಂಡೆ ಚೆನ್ನಾಗಿಯೇ ಬಳಸಿಕೊಳ್ಳುತ್ತದೆ, ಆದರೆ ನುಚ್ಚನ್ನು ಬೇಯಿಸಿದಾಗ ಜೀರ್ಣವಾಗುವ ಪ್ರಮಾಣ ಗಣನೀಯವಾಗಿ ಹೆಚ್ಚುತ್ತದೆ.

ಮನೆಯಲ್ಲಿಯೇ ಆಹಾರ ತಯಾರಿಸುವವರು ಹಿಂಡಿಯನ್ನು ಹಿಂದಿನ ರಾತ್ರಿ ನೆನೆಯಿಟ್ಟು, ಬೆಳಿಗ್ಗೆ ಜೋಳದ ನುಚ್ಚಿನ ಗಂಜಿಯಲ್ಲಿ ತೌಡಿನ ಜೊತೆ ನಾದಿ ಮುದ್ದೆ ಕಟ್ಟುವುದು ಉತ್ತಮ. ಬೆಂದ ಪಿಷ್ಟವು ಅಂಟಾಗಿ ಕೆಲಸ ಮಾಡುವುದರಿಂದ ಮುದ್ದೆ ನೀರಿನಲ್ಲಿ ಬೇಗ ಒಡೆಯುವುದಿಲ್ಲ. ಇದನ್ನು ನೀರಿಗೆ ಎಸೆಯದೆ, ಅಂಚುಳ್ಳ ಅಗಲವಾದ ತಟ್ಟೆ ಅಥವಾ ಬುಟ್ಟಿಯಲ್ಲಿರಿಸಿ ಹಗ್ಗದಿಂದ ಒಂದು ಮೀಟರ್ ಆಳಕ್ಕೆ ಇಳಿಬಿಡಬೇಕು. ಎರಡು ಗಂಟೆಯ ನಂತರ ಮೇಲೆತ್ತಿ ನೋಡಿದಾಗ ಉಳಿದಿದ್ದರೆ ಮರುದಿನ ಅಷ್ಟನ್ನು ಕಡಿಮೆ ಮಾಡಬೇಕು. ತಟ್ಟೆಯನ್ನು ಪ್ರತಿದಿನ ತೊಳೆದು ಬಿಸಿಲಿಗಿಡುವುದನ್ನು ಮರೆಯಬಾರದು. ತಳದಲ್ಲಿ ತೂತುಗಳಿರುವ ಚೀಲದಲ್ಲಿ ಆಹಾರ ತುಂಬಿ ಗೂಟಕ್ಕೆ ಕಟ್ಟುವ ಕ್ರಮ ಆಂಧ್ರಪ್ರದೇಶದ ಮೀನು ಕೊಳಗಳಲ್ಲಿ ಪ್ರಚಲಿತವಿದೆ. ದೊಡ್ಡ ಹೊಂಡಗಳಿಗೆ ಅದೂ ಆಗಬಹುದು.

ಕೋಳಿ ಅಂಗಡಿಯ ತ್ಯಾಜ್ಯವನ್ನು ಹೊಂಡಕ್ಕೆ ಹಾಕತಕ್ಕದ್ದಲ್ಲ. ಅದು ನಿಷೇಧಿತ ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವವರ ಪದ್ಧತಿಯಾಗಿದ್ದು, ಗೆಂಡೆಗೂ ನೀರಿಗೂ ಒಗ್ಗುವುದಿಲ್ಲ.

ಸಿದ್ಧ ಗುಳಿಗೆ ಆಹಾರ

ಅಂಗಡಿಯಲ್ಲಿ ದೊರೆಯುವ ಗುಳಿಗೆಗಳಲ್ಲಿ ಮುಳುಗುವುದು ಮತ್ತು ತೇಲುವುದು ಎಂದು ಎರಡು ಬಗೆ. ತೇಲುವ ಗುಳಿಗೆಯನ್ನು ಹೆಚ್ಚಿನ ಉಷ್ಣತೆ ಮತ್ತು ಒತ್ತಡದಲ್ಲಿ ತಯಾರಿಸುವುದರಿಂದ ಅದರ ಪಿಷ್ಟ ಪೂರ್ತಿ ಬೆಂದಿರುತ್ತದೆ, ಬೆಲೆಯೂ ಅದಕ್ಕೆ ತಕ್ಕಂತೆ ಹೆಚ್ಚು. ಗೆಂಡೆ ತಳದ ಮೀನಾದ್ದರಿಂದ ಮುಳುಗುವ ಗುಳಿಗೆಯೇ ಸ್ವಾಭಾವಿಕವೆಂಬ ವಾದವಿದೆ. ಮಣ್ಣಿನ ಕೊಳಕ್ಕೆ ಅದು ಒಪ್ಪತಕ್ಕ ಮಾತು. ಹಾಳೆಯ ಹೊಂಡಕ್ಕೆ ತೇಲುವ ಗುಳಿಗೆಯೇ ಮೇಲು, ಏಕೆಂದರೆ ಎಷ್ಟು ತಿಂದಿತು, ಎಷ್ಟು ಉಳಿಯಿತು ಎಂಬುದು ಕಣ್ಣೆದುರಿಗೇ ಇರುತ್ತದೆ. ಗೆಂಡೆ ಕೆಲವೇ ದಿನಗಳಲ್ಲಿ ಮೇಲೆ ಬಂದು ತಿನ್ನಲು ಕಲಿಯುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಬೀಸುವ ಗಾಳಿಗೆ ಗುಳಿಗೆಗಳು ಒಂದು ಮೂಲೆಗೆ ಸೇರಿ ಹಾಳೆಯ ಅಂಚಿಗೆ ಅಂಟಿಕೊಳ್ಳುತ್ತವೆ. ಹಳೆಯ ಪಿವಿಸಿ ಕೊಳವೆಯನ್ನು ಚೌಕಾಕಾರವಾಗಿ ಜೋಡಿಸಿ ತೇಲಿಬಿಟ್ಟು, ಅದರೊಳಗೆ ಆಹಾರ ಹಾಕಿದರೆ ಈ ತೊಂದರೆ ತಪ್ಪುತ್ತದೆ.

ಗೆಂಡೆ ಜಾತಿಯ ಮೀನುಗಳ ಆಹಾರಕ್ಕೆ ಭಾರತೀಯ ಮಾನಕ ಬ್ಯೂರೊ ಐಎಸ್ 16150, ಭಾಗ 1 ಎಂಬ ಮಾನಕವನ್ನು ನಿಗದಿಪಡಿಸಿದೆ. ಚೀಲದ ಮೇಲೆ ಪ್ರೋಟೀನ್, ಕೊಬ್ಬು, ನಾರು, ತೇವಾಂಶ ಹಾಗೂ ತಯಾರಿಕೆಯ ದಿನಾಂಕ ನಮೂದಾಗಿದೆಯೇ ಎಂದು ನೋಡಿ ಕೊಳ್ಳಬೇಕು. ಪ್ರೋಟೀನ್ ಹೆಚ್ಚಿದಷ್ಟೂ ಒಳ್ಳೆಯದೆಂಬ ಭಾವನೆ ತಪ್ಪು. ಮರಿಗಳಿಗೆ ಶೇ. 30ರಿಂದ 35 ಬೇಕು. ಬೆಳೆದ ಮೀನಿಗೆ ಶೇ. 28ಕ್ಕಿಂತ ಹೆಚ್ಚಿನದನ್ನು ಹಾಕಿದರೆ ಮಿಕ್ಕ ಪ್ರೋಟೀನ್ ಬಹುಮಟ್ಟಿಗೆ ಮಾಂಸವಾಗದೆ ಅಮೋನಿಯವಾಗುತ್ತದೆ, ಅದಕ್ಕೆ ತಾವು ಹಣ ಕೊಟ್ಟಿರುತ್ತೀರಿ. ಚೀಲದ ತಳದಲ್ಲಿ ಉಳಿಯುವ ಪುಡಿಯನ್ನು ಹೊಂಡಕ್ಕೆ ಝಾಡಿಸದೆ ಮುದ್ದೆಗೆ ಸೇರಿಸಬೇಕು.

ಕೋಯಿ ಮೀನಿನ ಆಹಾರವೆಂದು ಚಿಕ್ಕ ಪೊಟ್ಟಣಗಳಲ್ಲಿ ಮಾರುವುದರ ಬೆಲೆ ಹಲವು ಪಟ್ಟು ಹೆಚ್ಚು. ಬಣ್ಣ ಗಾಢವಾಗಲು ಸ್ಪಿರುಲಿನಾದಂತಹ ವರ್ಣದ್ರವ್ಯವಿರುವ ಪದಾರ್ಥಗಳನ್ನು ಅದರಲ್ಲಿ ಸೇರಿಸಿರುತ್ತಾರೆ. ವಾರದಲ್ಲಿ ಎರಡು ದಿನ ಅದನ್ನು ಕೊಟ್ಟು ಉಳಿದ ದಿನ ಸಾಮಾನ್ಯ ಗೆಂಡೆಯ ಗುಳಿಗೆ ಕೊಟ್ಟರೂ ಮೀನಿನ ಆರೋಗ್ಯಕ್ಕೆ ಕುಂದಿಲ್ಲ. ಚಳಿಗಾಲಕ್ಕೆಂದು ಗೋಧಿ ಮೊಳಕೆಯ ಪ್ರತ್ಯೇಕ ಆಹಾರ ಮಾರಾಟದಲ್ಲಿದೆ. ಅದು ನೀರು 10 ಡಿಗ್ರಿಯ ಆಸುಪಾಸಿಗೆ ಇಳಿಯುವ ದೇಶಗಳಿಗಾಗಿ ಮಾಡಿದ್ದು. ಬಾಗಲಕೋಟೆ ಜಿಲ್ಲೆಯ ಚಳಿಗೆ ಅದರ ಅಗತ್ಯವಿಲ್ಲ, ಡಿಸೆಂಬರ್ ಮತ್ತು ಜನವರಿಯಲ್ಲಿ ಬೆಳಗಿನ ಆಹಾರವನ್ನು ತಡವಾಗಿ ಮತ್ತು ಸ್ವಲ್ಪ ಕಡಿಮೆ ಹಾಕಿದರೆ ಸಾಕು. ಮನೆಗೆ ಬಂದವರು ಬ್ರೆಡ್, ಚುರುಮುರಿ ಎಸೆಯುವುದನ್ನು ಮಿತಗೊಳಿಸಬೇಕು. ಶೃಂಗೇರಿಯಲ್ಲಿ ಭಕ್ತರು ಹಾಕುವ ಪುರಿಯನ್ನು ತಿಂದು ಮೀನುಗಳು ಚೆನ್ನಾಗಿಯೇ ಇವೆಯಲ್ಲ ಎಂದು ಕೆಲವರು ಕೇಳುವುದುಂಟು. ಅಲ್ಲಿ ತುಂಗಾ ನದಿ ಹರಿಯುತ್ತದೆ, ಮನೆಯ ತೊಟ್ಟಿ ಹರಿಯುವುದಿಲ್ಲ.

ಪ್ರಮಾಣ ಮತ್ತು ಸಮಯ

ಮೇಲೆ ಹೇಳಿದ ಅಳತೆಯ ಹೊಂಡಕ್ಕೆ 400 ಬಿತ್ತನೆ ಮರಿಗಳು ಸಾಕು. ಮೊದಲ ತಿಂಗಳು ಮೀನಿನ ಒಟ್ಟು ತೂಕದ ಶೇ. 5, ನಂತರ ಶೇ. 3, ಮೀನು ಕಾಲು ಕಿಲೋ ದಾಟಿದ ಮೇಲೆ ಶೇ. 2 ಹಾಗೂ ಕೊಯ್ಲಿನ ಹತ್ತಿರ ಶೇ. 1.5ರಂತೆ ಆಹಾರ ಕೊಡಬೇಕು. ಒಟ್ಟು ತೂಕ ತಿಳಿಯಲು ಹದಿನೈದು ದಿನಕ್ಕೊಮ್ಮೆ ಬಲೆಯಿಂದ ಇಪ್ಪತ್ತು ಮೀನು ಹಿಡಿದು ತೂಗಿ, ಸರಾಸರಿಯನ್ನು ಬದುಕುಳಿದಿರಬಹುದಾದ ಮೀನುಗಳ ಸಂಖ್ಯೆಯಿಂದ ಗುಣಿಸಬೇಕು. ಉದಾಹರಣೆಗೆ, ಸರಾಸರಿ 250 ಗ್ರಾಂ ತೂಕದ 320 ಮೀನುಗಳಿದ್ದರೆ ಒಟ್ಟು 80 ಕಿಲೋ, ದಿನದ ಆಹಾರ 1.6 ಕಿಲೋ. ಇದನ್ನು ಕನಿಷ್ಠ ಎರಡು ಬಾರಿ, ಸಾಧ್ಯವಾದರೆ ಮೂರು ಬಾರಿ ಹಂಚಿ ಹಾಕುವುದು ಜಠರವಿಲ್ಲದ ಮೀನಿಗೆ ಅನುಕೂಲಕರ. ತೇಲುವ ಗುಳಿಗೆಯು ಹದಿನೈದು ನಿಮಿಷದೊಳಗೆ ಮುಗಿಯಬೇಕು.

ಬೆಳಿಗ್ಗೆ ಸೂರ್ಯೋದಯಕ್ಕೆ ಮುನ್ನ ನೀರಿನಲ್ಲಿ ಆಮ್ಲಜನಕ ಅತ್ಯಂತ ಕಡಿಮೆ ಇರುತ್ತದೆ. ತಿಂದದ್ದನ್ನು ಜೀರ್ಣಿಸಲು ಮೀನಿಗೆ ಹೆಚ್ಚು ಆಮ್ಲಜನಕ ಬೇಕು. ಆದುದರಿಂದ ಒಂಬತ್ತು ಗಂಟೆಗೆ ಮೊದಲು ಹಾಗೂ ಸಂಜೆ ಐದರ ನಂತರ ಆಹಾರ ಹಾಕಬಾರದು. ಹೊಲದ ಕೆಲಸಕ್ಕೆ ಹೋಗುವ ಮುನ್ನ ನಸುಕಿನಲ್ಲೇ ಹಾಕಿ ಹೋಗುವುದು ರೈತರಿಗೆ ಅನುಕೂಲವೆಂಬುದು ತಿಳಿದ ವಿಷಯವಾದರೂ, ಮೀನಿಗೆ ಅದು ಕೆಟ್ಟ ಸಮಯ. ಮೋಡ ಮುಸುಕಿದ ದಿನಗಳು ಸತತವಾಗಿ ಬಂದಾಗ ಅರ್ಧಕ್ಕೆ ಇಳಿಸಬೇಕು. ಮೀನುಗಳು ನೀರಿನ ಮೇಲ್ಪದರದಲ್ಲಿ ಬಾಯಿ ತೆರೆದು ಗಾಳಿ ನುಂಗುತ್ತಿರುವುದು ಕಂಡರೆ ಅದು ಹಸಿವಲ್ಲ, ಉಸಿರಾಟದ ತೊಂದರೆ. ಆ ದಿನ ಆಹಾರವನ್ನು ಸಂಪೂರ್ಣ ನಿಲ್ಲಿಸಿ, ಪಂಪಿನಿಂದ ಹೊಂಡದ ನೀರನ್ನೇ ಎತ್ತಿ ಮೇಲಿನಿಂದ ಧಾರೆಯಾಗಿ ಬೀಳಿಸಬೇಕು. ಹಸಿರಾಗಿದ್ದ ನೀರು ಒಮ್ಮೆಲೇ ಕಂದು ಬಣ್ಣಕ್ಕೆ ತಿರುಗಿದರೂ ಇದೇ ಕ್ರಮ ಅನುಸರಿಸತಕ್ಕದ್ದು. ಒಂದೆರಡು ದಿನದ ಉಪವಾಸದಿಂದ ಗೆಂಡೆ ಸಾಯುವುದಿಲ್ಲ.

ಮೀನಿನ ತೂಕ ಒಂದು ಕಿಲೋ ಹೆಚ್ಚಲು ಎಷ್ಟು ಕಿಲೋ ಆಹಾರ ಬೇಕಾಯಿತೆಂಬ ಲೆಕ್ಕವನ್ನು ರೈತರು ಇಡುವುದು ಕಡಿಮೆ. 300 ಮೀನುಗಳು ತಲಾ 700 ಗ್ರಾಂ ಬೆಳೆದು 210 ಕಿಲೋ ಆದವು ಎನ್ನೋಣ. ಕಿಲೋ ಒಂದಕ್ಕೆ 1.6 ಕಿಲೋ ಆಹಾರ ಬಿದ್ದಿದ್ದರೆ 336 ಕಿಲೋ, 2.5 ಕಿಲೋ ಬಿದ್ದಿದ್ದರೆ 525 ಕಿಲೋ. ಆಹಾರದ ಬೆಲೆಯನ್ನು ಕಿಲೋಗೆ 45 ರೂ. ಎಂದು ಹಿಡಿದರೆ ವ್ಯತ್ಯಾಸದ 189 ಕಿಲೋಗೆ 8,505 ರೂ. ಒಂದೇ ಹೊಂಡದಿಂದ ಹೋದಂತಾಯಿತು.

ಹನಿ ನೀರಾವರಿಗೆ ಹೊಂಡದ ನೀರು

ಮೀನಿನ ಹೊಂಡದ ನೀರಿನಲ್ಲಿ ಸಾರಜನಕ ಮತ್ತು ರಂಜಕ ಇರುವುದರಿಂದ ಬೆಳೆಗೆ ಅದು ಲಾಭದಾಯಕವೇ. ಆದರೆ ಹನಿ ಕೊಳವೆಯ ತೂತಿನ ಹಾದಿ ಸುಮಾರು ಒಂದು ಮಿಲಿಮೀಟರಿನಷ್ಟು ಕಿರಿದಾಗಿದ್ದು, ಪಾಚಿ ಮತ್ತು ಮಲದ ಕಣಗಳಿಂದ ಬೇಗನೆ ಕಟ್ಟಿಕೊಳ್ಳುತ್ತದೆ. ಜಾಲರಿ ಶೋಧಕ ಒಂದೇ ಇದ್ದರೆ ಪಾಚಿ ಅದರೊಳಗಿನಿಂದ ನುಸುಳುತ್ತದೆ. ಮರಳು ಶೋಧಕವನ್ನು ಮೊದಲು, ಜಾಲರಿ ಅಥವಾ ಡಿಸ್ಕ್ ಶೋಧಕವನ್ನು ಅದರ ನಂತರ ಅಳವಡಿಸಬೇಕು. ಪಂಪಿನ ಹೀರುಕೊಳವೆಯನ್ನು ತಳಕ್ಕೆ ಮುಟ್ಟಿಸದೆ, ಮೇಲ್ಮೈಯ ಪಾಚಿಯನ್ನೂ ಎಳೆಯದಂತೆ, ತೇಲುಗೆ ಕಟ್ಟಿ ನೀರಿನ ಮೇಲ್ಭಾಗದಿಂದ ಅರ್ಧ ಮೀಟರ್ ಕೆಳಗಿರುವಂತೆ ಇಳಿಬಿಡುವುದು ಸೂಕ್ತ. ತಳದಲ್ಲಿ ಕೂಡಿದ ರಾಡಿಯನ್ನು ತಿಂಗಳಿಗೊಮ್ಮೆ ಪ್ರತ್ಯೇಕ ಕೊಳವೆಯಿಂದ ಹೀರಿ ತೆಗೆದು, ಹನಿ ಸಾಲಿಗೆ ಬಿಡದೆ ನೇರವಾಗಿ ಬದುವಿನ ತೆಂಗು, ನಿಂಬೆ ಅಥವಾ ಮೇವಿನ ಹುಲ್ಲಿಗೆ ಬಿಡಬಹುದು. ಹೊಂಡದ ನೀರು ಒಂದು ಮೀಟರಿಗೆ ಇಳಿಯುವ ಮುನ್ನ ದೊಡ್ಡ ಮೀನುಗಳನ್ನು ಹಿಡಿದು ಮಾರಿಬಿಡಬೇಕು. ಇನ್ನೂ ಸ್ವಲ್ಪ ಬೆಳೆಯಲಿ ಎಂದು ಏಪ್ರಿಲ್‌ವರೆಗೆ ಕಾಯುವುದು ಈ ಭಾಗದ ಹೊಂಡಗಳಿಗೆ ಹೊಂದುವುದಿಲ್ಲ.

ಕೋಯಿ ಅಥವಾ ಸಾಮಾನ್ಯ ಗೆಂಡೆ ಹೆಚ್ಚಾದವೆಂದು ಮಲಪ್ರಭಾ, ಕೃಷ್ಣಾ ನದಿಗಳಿಗಾಗಲಿ ಹಳ್ಳಗಳಿಗಾಗಲಿ ಅಥವಾ ದೇವಸ್ಥಾನದ ಪುಷ್ಕರಣಿಗಳಿಗಾಗಲಿ ಬಿಡಬಾರದು. ಇವು ತಳವನ್ನು ಕೆದಕಿ ನೀರನ್ನು ರಾಡಿಗೊಳಿಸುತ್ತವೆ, ಜಲಸಸ್ಯಗಳನ್ನು ಬುಡಸಹಿತ ಕೀಳುತ್ತವೆ. ಇದರಿಂದ ಸ್ಥಳೀಯ ಮೀನುಗಳ ಮೊಟ್ಟೆಗಳಿಗೆ ಆಸರೆ ಇಲ್ಲದಂತಾಗುತ್ತದೆ.

ಅರ್ಜಿದಾರರ ಗಮನಕ್ಕೆ

ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯು 2020ರಲ್ಲಿ ಪ್ರಾರಂಭವಾಗಿದ್ದು, ಅದರ ಮಾರ್ಗಸೂಚಿಯಂತೆ ಫಲಾನುಭವಿ ಆಧಾರಿತ ಘಟಕಗಳಿಗೆ ಸಾಮಾನ್ಯ ವರ್ಗದವರಿಗೆ ಘಟಕ ವೆಚ್ಚದ ಶೇ. 40ರಷ್ಟು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಮಹಿಳೆಯರಿಗೆ ಶೇ. 60ರಷ್ಟು ಸಹಾಯಧನ ನಿಗದಿಯಾಗಿದೆ. ಆಯಾ ಸಾಲಿನಲ್ಲಿ ಯಾವ ಘಟಕಗಳಿಗೆ ಗುರಿ ಮತ್ತು ಅನುದಾನ ಲಭ್ಯವಿದೆ ಎಂಬುದನ್ನು ವೆಚ್ಚ ಮಾಡುವ ಮೊದಲೇ ಖಚಿತಪಡಿಸಿಕೊಳ್ಳಬೇಕು. ಮಂಜೂರಾತಿ ದೊರೆಯುವ ಮುನ್ನ ಕೈಗೊಂಡ ಕಾಮಗಾರಿಯನ್ನು ನಂಬಿ ಸಹಾಯಧನ ನಿರೀಕ್ಷಿಸಬಾರದು.

ಕಿಸಾನ್ ಕ್ರೆಡಿಟ್ ಕಾರ್ಡ್ ಸೌಲಭ್ಯವನ್ನು 2018-19ನೇ ಸಾಲಿನಲ್ಲಿ ಮೀನು ಕೃಷಿಕರಿಗೂ ವಿಸ್ತರಿಸಲಾಗಿದ್ದು, ಬಿತ್ತನೆ ಮರಿ ಮತ್ತು ಆಹಾರದಂತಹ ದುಡಿಯುವ ಬಂಡವಾಳಕ್ಕೆ ಇದು ಹೆಚ್ಚು ಉಪಯುಕ್ತ. ಈಗಾಗಲೇ ಬೆಳೆ ಸಾಲಕ್ಕೆ ಕಾರ್ಡ್ ಹೊಂದಿರುವ ರೈತರು ಮೀನು ಸಾಕಾಣಿಕೆಯ ವೆಚ್ಚಕ್ಕೂ ಮಿತಿ ವಿಸ್ತರಿಸುವಂತೆ ತಮ್ಮ ಬ್ಯಾಂಕ್ ಶಾಖೆಯಲ್ಲಿ ಕೋರಬಹುದು. ಅರ್ಜಿಯೊಡನೆ ಸಲ್ಲಿಸುವ ಖರ್ಚಿನ ಅಂದಾಜಿನಲ್ಲಿ ಆಹಾರದ ವೆಚ್ಚವನ್ನು ಮೇಲೆ ವಿವರಿಸಿದ ಕ್ರಮದಲ್ಲಿ, ಅಂದರೆ ನಿರೀಕ್ಷಿತ ಇಳುವರಿಯನ್ನು 1.6ರಿಂದ 2ರವರೆಗೆ ಗುಣಿಸಿ, ಲೆಕ್ಕ ಹಾಕಿ ತೋರಿಸುವುದು ಸೂಕ್ತ. ಚೀಲಗಳ ಸಂಖ್ಯೆಯನ್ನು ಅಂದಾಜಿನ ಮೇಲೆ ಬರೆದರೆ ಸಾಲದ ಮೊತ್ತ ನಿಜವಾದ ಅಗತ್ಯಕ್ಕೆ ಹೊಂದುವುದಿಲ್ಲ.

ಬಿತ್ತನೆ ಮರಿಗಳ ಬೇಡಿಕೆಯನ್ನು ಮಳೆಗಾಲಕ್ಕೆ ಮುಂಚಿತವಾಗಿಯೇ ಸಂಬಂಧಪಟ್ಟ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ನೋಂದಾಯಿಸತಕ್ಕದ್ದು. ಜಮೀನಿನ ಪಹಣಿ, ಆಧಾರ್, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ ಹಾಗೂ ಅನ್ವಯಿಸಿದಲ್ಲಿ ಜಾತಿ ಪ್ರಮಾಣ ಪತ್ರವನ್ನು ಜೊತೆಗೆ ತರುವುದು. ಹೊಂಡದ ಉದ್ದ, ಅಗಲ, ಆಳ, ಬದಿಯ ಇಳಿಜಾರು, ಹಾಳೆ ಹೊದಿಸಿದೆಯೇ ಇಲ್ಲವೇ, ಹಾಗೂ ನೀರು ಎಷ್ಟು ತಿಂಗಳು ಒಂದೂವರೆ ಮೀಟರಿಗಿಂತ ಮೇಲೆ ನಿಲ್ಲುತ್ತದೆ ಎಂಬ ವಿವರಗಳನ್ನು ಬರೆದುಕೊಂಡು ಬಂದಲ್ಲಿ ಎಷ್ಟು ಮರಿ ಬಿಡಬೇಕು ಮತ್ತು ಯಾವ ತಿಂಗಳಲ್ಲಿ ಕೊಯ್ಲು ಮಾಡಬೇಕೆಂಬುದನ್ನು ಕಚೇರಿಯಲ್ಲಿಯೇ ಚರ್ಚಿಸಿ ನಿರ್ಧರಿಸಬಹುದು. ಸಾಧ್ಯವಾದರೆ ಶುದ್ಧವಾದ ಬಾಟಲಿಯಲ್ಲಿ ಒಂದು ಲೀಟರ್ ಹೊಂಡದ ನೀರನ್ನು ಅದೇ ದಿನ ತುಂಬಿ ತರುವುದು.